ಅಚ್ಚು ಪತ್ರಗಳ ಕಟ್ಟು

ಸಂಜೆ ಐದು ದಾಟಿದರೆ ಮುಗಿಯಿತು ಎಂದು ಹಲ್ಲುಜ್ಜುವಾಗಲೇ ಅವನ ಮನಸ್ಸು ಲೆಕ್ಕ ಹಾಕಿತ್ತು. ಐದರ ನಂತರ ಬಂದ ಯಾವ ಆಕ್ಷೇಪಣೆಯನ್ನೂ ತೆಗೆದುಕೊಳ್ಳುವಂತಿಲ್ಲ. ಬಂದಷ್ಟನ್ನು ಪೆಟ್ಟಿಗೆಗೆ ತುಂಬಿ, ಅಂಟುಪಟ್ಟಿ ಹಚ್ಚಿ ಕಳಿಸಿಬಿಟ್ಟರೆ ತಾಮ್ರದ ಗಣಿಯ ಪರಿಸರ ಪರಿಶೀಲನೆ ಎಂಬ ಎರಡೂವರೆ ವರ್ಷದ ಕೆಲಸ ಮುಗಿದುಹೋಗುತ್ತದೆ. ಆಮೇಲೆ ತಾನು ಇನ್ಯಾವುದೋ ಊರಿನ ರಸ್ತೆಯದೋ ಸೇತುವೆಯದೋ ಪತ್ರಗಳನ್ನು ವಿಂಗಡಿಸುತ್ತ ಕೂರಬಹುದು. ಕನ್ನಡಿಯೊಳಗಿನ ನೊರೆ ತುಂಬಿದ ಬಾಯಿಯನ್ನು ನೋಡಲಾಗದೆ ಅವನು ಬಗ್ಗಿ ಉಗುಳಿದ. ಬಾಗಿಲ ಆಚೆಯಿಂದ ಹೆಂಡತಿ, "ನಿಮ್ಮಕ್ಕ ಹನ್ನೊಂದರ ಬಸ್ಸಿಗೆ ಬರ್ತಾರಂತೆ. ನಿಮ್ಮ ಕಚೇರಿಗೆ ಏನೋ ಕಾಗದ ಕೊಡೋದಿದೆಯಂತೆ. ಊಟಕ್ಕೆ ಇಲ್ಲಿಗೇ ಕರ್ಕೊಂಡ್ಬನ್ನಿ" ಎಂದಳು. ಗೊತ್ತು ಎಂದ. "ಗೊತ್ತಿದ್ರೆ ಮುಖ ಯಾಕೆ ಹಾಗೆ ಹಿಂಡ್ಕೊಂಡಿದ್ದೀರಿ? ಕಾಗದ ಕೊಡೋಕೆ ಬರ್ತಿದ್ದಾರೆ, ನಿಮ್ಮ ಕಿವಿ ಹಿಂಡೋಕಲ್ಲ." ಅವಳು ನಗುತ್ತಲೇ ಒಳಗೆ ಹೋದಳು. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಬಸ್ಸು ಕೆಟ್ಟು ನಿಂತರೆ? ಅಕ್ಕನಿಗೆ ಜ್ವರ ಬಂದರೆ? ದೊಡ್ಡದಲ್ಲ, ಸಣ್ಣದೊಂದು ಜ್ವರ, ಒಂದು ದಿನದ್ದು. ಹೀಗೆ ಯೋಚಿಸಿದ್ದು ಗೊತ್ತಾದ ಕೂಡಲೇ ಟವೆಲಿನೊಳಗೇ ಅವನ ಮುಖ ಬಿಸಿಯಾಯಿತು.

ಕಚೇರಿಯೆಂದರೆ ಟೈರ್ ಅಂಗಡಿಯ ಮೇಲಿನ ನಾಲ್ಕು ಬಾಡಿಗೆ ಕೋಣೆ. ರಬ್ಬರಿನ ವಾಸನೆ ಅವನ ಜೊತೆಗೇ ಮೆಟ್ಟಿಲು ಹತ್ತಿ ಬಂದು ಅವನಿಗಿಂತ ಮೊದಲೇ ಕುರ್ಚಿಯಲ್ಲಿ ಕೂತಿರುತ್ತಿತ್ತು. ಗುಡ್ಡವನ್ನು ಅಗೆದು ಮೈಲಿ ಅಗಲದ ತೆರೆದ ಗುಂಡಿ ಮಾಡಿ ತಾಮ್ರ ತೆಗೆಯಬಹುದೇ, ತೆಗೆದರೆ ನೀರಿಗೆ, ಗಾಳಿಗೆ, ಜನಕ್ಕೆ ಏನಾದೀತು ಎಂದು ಏಳು ಸಂಪುಟಗಳಲ್ಲಿ ಬರೆಯುವುದು ಆ ಕೋಣೆಗಳ ಕೆಲಸ. ಅದರಲ್ಲಿ ಅವನ ಪಾಲಿಗೆ ಬಂದದ್ದು ಪತ್ರ ವಿಂಗಡಣೆ. ಕರಡು ವರದಿ ಹೊರಬಿದ್ದ ಮೇಲೆ ಜನರಿಂದ ನಾಲ್ಕು ಸಾವಿರ ಚಿಲ್ಲರೆ ಪತ್ರ ಬಂದಿದ್ದವು. ಒಂದೊಂದನ್ನೂ ಓದಿ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು: ನೀರಿನದಾದರೆ ಒಂದು, ಧೂಳಿನದಾದರೆ ಎರಡು, ಲಾರಿ ಓಡಾಟಕ್ಕೆ ಮೂರು, ಹೀಗೆ. ಬರೀ ಬೇಕು ಅಥವಾ ಬೇಡ ಎಂದಷ್ಟೇ ಬರೆದದ್ದಕ್ಕೆ ಸೊನ್ನೆ, ಸೊನ್ನೆಗೆ ಉತ್ತರವಿಲ್ಲ. ಅವನ ಎದುರು ಮೇಜಿನ ಕನ್ನಡಕದವಳು ಅವನಿಗೆ ಸೊನ್ನೆ ಸಾಹೇಬರು ಎಂದೇ ಹೆಸರಿಟ್ಟಿದ್ದಳು. ಯಾವುದೋ ಸಂಘದವರು ಅಚ್ಚು ಹಾಕಿಸಿ ಊರೂರಿಗೆ ಹಂಚಿ, ಕೆಳಗೆ ಹೆಸರು ಮಾತ್ರ ತುಂಬಿಸಿಕೊಂಡು ಕಳಿಸಿದ ಪತ್ರಗಳೇ ಸಾವಿರದ ನೂರ ನಲವತ್ತು. ಅವೆಲ್ಲ ಸೇರಿ ಒಂದೇ ಕಟ್ಟು, ಎಣಿಕೆಯಲ್ಲಿ ಒಂದೇ ಪತ್ರ, ಒಂದೇ ಉತ್ತರ: ಅಭಿಪ್ರಾಯವನ್ನು ಗಮನಿಸಲಾಗಿದೆ. ಇದರಲ್ಲಿ ಯಾರಿಗೂ ಅನ್ಯಾಯವಾಗುತ್ತದೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಆದರೆ ನಿಯಮದ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಯಾರ ಪತ್ರಕ್ಕೆ ಸ್ವಂತದ ಸಂಖ್ಯೆ ಸಿಕ್ಕಿದೆಯೋ ಅವರು ಮಾತ್ರ ಅಂತಿಮ ವರದಿಯ ಮೇಲೆ ಆಕ್ಷೇಪಣೆ ಸಲ್ಲಿಸಬಹುದು. ಕಟ್ಟಿನೊಳಗೆ ಹೋದವರಿಗೆ ಆ ಹಕ್ಕಿಲ್ಲ. ಅಕ್ಕನ ಪತ್ರ ಕಟ್ಟಿನೊಳಗಿತ್ತು. ಹಾಕಿದವನು ಅವನೇ.

ಐದು ತಿಂಗಳ ಹಿಂದಿನ ಆ ಮಧ್ಯಾಹ್ನ ಅವನಿಗೆ ಬೇಕಾದಾಗ ಮಸುಕಾಗುತ್ತಿತ್ತು, ಬೇಡವಾದಾಗ ಫಕ್ಕನೆ ಬೆಳಗುತ್ತಿತ್ತು. ಅಚ್ಚು ಪತ್ರಗಳನ್ನು ತಾಳೆಹಾಕುವುದು ನಿದ್ದೆ ಬರಿಸುವ ಕೆಲಸ. ಹೆಬ್ಬೆರಳಿನಿಂದ ಕೆಳಗಿನ ಹೆಸರನ್ನಷ್ಟೇ ನೋಡಿ ಸರಿಸುತ್ತ ಹೋಗುವಾಗ ಭಾವನ ಮನೆತನದ ಹೆಸರು ಕಂಡಿತು, ಅದರ ಪಕ್ಕ ಅಕ್ಕನ ದುಂಡಗಿನ ಅಕ್ಷರ. ಖುಷಿಯೇ ಆಯಿತು. ನೋಡು ನೋಡು, ಅಕ್ಕನೂ ಸಹಿ ಹಾಕಿದ್ದಾಳೆ ಎಂದು ಕನ್ನಡಕದವಳಿಗೆ ಹೇಳಲು ಬಾಯಿ ತೆರೆದವನು ಕಾಗದದ ಹಿಂಬದಿಯಿಂದ ಶಾಯಿ ಒಸರಿದ್ದನ್ನು ಕಂಡು ಮಗುಚಿದ. ಹಿಂಬದಿಯ ತುಂಬ ಬರಹ, ಅಂಚಿನಲ್ಲೂ ಅಡ್ಡಡ್ಡವಾಗಿ. "ಮುಂದಿನ ಬದಿಯಲ್ಲಿ ಅಚ್ಚಾಗಿರುವುದು ಬೇರೆ ಯಾರೋ ಬರೆದದ್ದು. ನಾನು ಕಂಡದ್ದನ್ನು ಇಲ್ಲಿ ಬರೆಯುತ್ತೇನೆ. ಗುಡ್ಡದ ಮೇಲೆ ಮಾದರಿ ಕಲ್ಲು ತೆಗೆಯಲು ಕೊರೆಯುವ ಯಂತ್ರ ಮೂರು ಸಲ ಬಂದಿತ್ತು. ಮೊದಲ ಸಲ ಬಂದ ಮೂರನೇ ದಿನ ಬೆಳಿಗ್ಗೆ ನಮ್ಮ ಬಾವಿಯ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ಯಂತ್ರ ಹೋದ ಆರನೇ ದಿನಕ್ಕೆ ತಿಳಿಯಾಯಿತು. ಎರಡನೇ ಸಲವೂ ಹೀಗೆಯೇ, ಮೂರನೇ ಸಲವೂ ಹೀಗೆಯೇ. ತಾರೀಕುಗಳನ್ನು ಕೆಳಗೆ ಕೊಟ್ಟಿದ್ದೇನೆ. ಗುಡ್ಡಕ್ಕೂ ಊರಿಗೂ ನಡುವೆ ನೆಲದೊಳಗೆ ಬಂಡೆಯ ಗೋಡೆ ಇದೆ, ಆ ಕಡೆಯ ನೀರು ಈ ಕಡೆ ದಾಟುವುದಿಲ್ಲ ಎಂದು ನಿಮ್ಮ ಪುಸ್ತಕದಲ್ಲಿದೆ. ಹಾಗಾದರೆ ಬಿಳುಪು ದಾಟಿದ್ದು ಹೇಗೆ? ಮೊದಲು ನೀರು ಹೇಗಿತ್ತು ಎಂದು ನೀವು ಕೇಳಬಹುದು. ನನ್ನ ತಮ್ಮ ಹನ್ನೊಂದು ತುಂಬುವವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದ. ಆರು ವರ್ಷ ದಿನಾ ಬೆಳಿಗ್ಗೆ ಅವನ ದುಪ್ಪಟಿಯನ್ನು ಈ ಬಾವಿಯ ನೀರಿನಲ್ಲೇ ಒಗೆದಿದ್ದೇನೆ. ಒಂದು ದಿನವೂ ಬಟ್ಟೆಯ ಮೇಲೆ ಬೂದಿ ಬಣ್ಣ ಕೂತದ್ದಿಲ್ಲ. ಈ ಮೂರು ಸಲ ಕೂತಿದೆ. ನನ್ನ ತಮ್ಮ ನಿಮ್ಮ ಕಚೇರಿಯಲ್ಲೇ ಕೆಲಸಕ್ಕಿದ್ದಾನೆ. ಬೇಕಾದರೆ ಅವನನ್ನೇ ಕೇಳಿ."

ಬೇಕಾದರೆ ಅವನನ್ನೇ ಕೇಳಿ. ಕನ್ನಡಕದವಳ ಬೆರಳು ಕೀಲಿಮಣೆಯ ಮೇಲೆ ಟಕಟಕ ಅನ್ನುವುದು ಎಲ್ಲೋ ದೂರ ಕೇಳಿತು. ಸಂಖ್ಯೆ ಸಿಕ್ಕಿದ ಪ್ರತಿ ಪತ್ರವೂ ಇದ್ದ ಹಾಗೆಯೇ ಏಳನೇ ಸಂಪುಟದಲ್ಲಿ ಅಚ್ಚಾಗುತ್ತದೆ. ವಾಚನಾಲಯಗಳ ಮೇಜಿನ ಮೇಲೆ ಇರುತ್ತದೆ. ಕಚೇರಿಯ ದೊಡ್ಡವರು ಓದುತ್ತಾರೆ, ಎಂಜಿನಿಯರುಗಳು ಓದುತ್ತಾರೆ, ಗಣಿಯವರ ವಕೀಲರು ಸಾಲಿನಡಿ ಗೀಟು ಹಾಕುತ್ತಾರೆ, ಜೀಪಿನ ಡ್ರೈವರು ಇನ್ನೊಬ್ಬ ಡ್ರೈವರಿಗೆ ಓದಿ ಹೇಳುತ್ತಾನೆ. ನಲವತ್ನಾಲ್ಕು ವರ್ಷದ ಗಂಡಸು ಕುರ್ಚಿಯ ಮೇಲೆ ತೊಡೆ ಜೋಡಿಸಿಕೊಂಡು ಕೂತ. ತೊಡೆಯ ಒಳಬದಿಗೆ ಆ ಬೆಳಗುಗಳ ಬೆಚ್ಚಗಿನದು ತಣ್ಣಗಾಗುವ ಕ್ಷಣ ಮತ್ತೆ ಬಂದು ತಾಗಿತು: ಅಮ್ಮ ಹೋದ ಮೇಲೆ ಅಕ್ಕ ತನ್ನ ಗಂಡನ ಮನೆಗೆ ಕರೆದುಕೊಂಡು ಬಂದಿದ್ದಳು, ಅವನಿಗೆ ಐದು, ಅವಳಿಗೆ ಇಪ್ಪತ್ತೂ ಇಲ್ಲ. ಕಣ್ಣು ಬಿಡದೆಯೇ, ಉಸಿರು ಬಿಗಿಹಿಡಿದು, ಒಣಗಿಬಿಡಲಿ ಎಂದು ಬೇಡಿಕೊಳ್ಳುತ್ತ ಮಲಗಿರುತ್ತಿದ್ದ. ಭಾವ ಏನೂ ಕಾಣದವರ ಹಾಗೆ ಕೆಮ್ಮಿ ಹೊರಗೆ ಹೋಗುತ್ತಿದ್ದರು. ಅಕ್ಕ ಬೈಯುತ್ತಿರಲಿಲ್ಲ. ದುಪ್ಪಟಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾವಿಕಟ್ಟೆಗೆ ಹೋಗಿ, ಒಗೆದು, ಅಂಗಳದ ಹಗ್ಗಕ್ಕೆ ಹಾಕದೆ ಕೊಟ್ಟಿಗೆಯ ಹಿಂದೆ, ಯಾರೂ ಸುಳಿಯದ ಕಡೆ ಹರವುತ್ತಿದ್ದಳು. ಅಲ್ಲಿ ಬಿಸಿಲು ಕಡಿಮೆ, ಒಣಗಲು ಸಂಜೆಯಾಗುತ್ತಿತ್ತು. ಪಕ್ಕದ ಮನೆಯವಳಿಗೂ ಅಷ್ಟು ವರ್ಷ ಒಂದು ಮಾತೂ ತಿಳಿಯಲಿಲ್ಲ. ಅಷ್ಟು ಕಾಪಾಡಿದ್ದನ್ನು ಈಗ ಅವಳೇ ಅಂಚಿನ ತನಕ ಶಾಯಿ ಹಚ್ಚಿ ಸರ್ಕಾರಕ್ಕೆ ಕಳಿಸಿದ್ದಾಳೆ! ಬೇರೆ ಸಾಕ್ಷಿ ಸಿಗಲಿಲ್ಲವೇ ಅವಳಿಗೆ? ಅವಳ ಸೀರೆಗಳಿರಲಿಲ್ಲವೇ, ಭಾವನ ಪಂಚೆಗಳಿರಲಿಲ್ಲವೇ? ಆದರೆ ಅಕ್ಕನ ರೀತಿಯೇ ಹಾಗೆ. ನಾಲ್ಕೈದು ಮಂದಿ ಬಂದಿದ್ದರು ಎಂದು ಯಾರಾದರೂ ಅಂದರೆ, ನಾಲ್ಕೋ ಐದೋ ಸರಿಯಾಗಿ ಹೇಳು ಅನ್ನುವವಳು. ಅವನು ಶಾಲೆ ತಪ್ಪಿಸಿ ಕೆರೆಯಲ್ಲಿ ಕಳೆದ ದಿನ, ಜ್ವರವಿತ್ತೇನಮ್ಮಾ ಎಂದು ಮೇಷ್ಟರೇ ದಾರಿ ಮಾಡಿಕೊಟ್ಟರೂ, ಜ್ವರ ಇರಲಿಲ್ಲ, ಬೇಕಂತಲೇ ಬಂದಿಲ್ಲ ಎಂದು ಹೇಳಿ, ಅವನಿಗೆ ಏಟು ಬೀಳುವಾಗ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಿದ್ದಳು. ದಿನಾ ಒಗೆದದ್ದು ದುಪ್ಪಟಿ, ಆದ್ದರಿಂದ ದುಪ್ಪಟಿ ಎಂದೇ ಬರೆದಿದ್ದಾಳೆ. ಅವನು ಪತ್ರವನ್ನು ಅಚ್ಚಿನ ಬದಿ ಮೇಲೆ ಬರುವಂತೆ ಮಗುಚಿ, ಕಟ್ಟಿನ ನಡುವೆ ತೂರಿಸಿ, ದಾರ ಬಿಗಿದ. ಎಷ್ಟು ಹೊತ್ತಿನ ಕೆಲಸ? ಎದುರಿಗಿದ್ದ ಚಹಾ ಆರುವಷ್ಟೂ ಅಲ್ಲ; ಆಮೇಲೆ ಅದನ್ನು ಬಿಸಿಬಿಸಿಯಾಗಿಯೇ ಕುಡಿದದ್ದು ಅವನಿಗೆ ನೆನಪಿದೆ.

ನಾಳೆ ತೆಗೆದರಾಯಿತು ಅಂದುಕೊಂಡಿದ್ದ. ನಾಳೆ ಕಟ್ಟು ಮೇಲಿನ ಕಪಾಟಿಗೆ ಹೋಯಿತು. ಆ ಬಂಡೆಯ ಗೋಡೆಯ ಲೆಕ್ಕ ಹಾಕಿದವರು ಮೂರನೇ ಕೋಣೆಯ ನೀರಿನ ಮೇಡಂ. ಸಣ್ಣ ಮೈಕಟ್ಟು, ಮಂಡಿಯ ತನಕ ಮಣ್ಣು ಮೆತ್ತಿದ ಬೂಟು, ಊಟದ ಡಬ್ಬಿಯನ್ನೂ ನಕ್ಷೆಯ ಮೇಲೇ ಇಟ್ಟು ತಿನ್ನುವವರು. ಒಂದು ತಿಂಗಳ ಕೆಳಗೆ ಚಹಾದ ಹೊತ್ತಿಗೆ ಅವರು ಯಾರಿಗೆಂದಲ್ಲದೆ, "ನನಗೆ ಆ ಗೋಡೆ ಮೇಲೆ ಪೂರಾ ನಂಬಿಕೆ ಇಲ್ಲ ಕಣ್ರೀ. ಎಲ್ಲೋ ಬಿರುಕಿದೆ ಅನ್ಸತ್ತೆ. ಆದ್ರೆ ಅನ್ಸತ್ತೆ ಅಂತ ವರದಿಯಲ್ಲಿ ಬರಿಯೋಕಾಗತ್ತಾ? ಕೊರೆಯುವಾಗ ಬಾವಿ ನೀರು ಕದಡಿತು ಅಂತ ಊರಿನವರು ಒಬ್ಬರಾದ್ರೂ ಬರೆದಿದ್ರೆ ಸಾಕಿತ್ತು, ನಿಲ್ಲಿಸಿ ಇನ್ನೊಂದು ವರ್ಷ ಅಳೀತಿದ್ದೆ" ಎಂದಿದ್ದರು. ಅವನು ಸಕ್ಕರೆ ಕದಡುತ್ತಿದ್ದ. ಚಮಚ ಲೋಟಕ್ಕೆ ತಾಗುವ ಸದ್ದು ಹೆಚ್ಚಾಯಿತೆಂದು ತೋರಿ ಕದಡುವುದನ್ನು ನಿಲ್ಲಿಸಿದ. ಕನ್ನಡಕದವಳು, "ಸೊನ್ನೆ ಸಾಹೇಬ್ರನ್ನ ಕೇಳಿ ಮೇಡಂ, ಎಲ್ಲಾ ಪತ್ರ ಅವರ ಹೊಟ್ಟೇಲಿವೆ" ಎಂದಳು. "ಹಾಗೇನೂ ಬಂದಿಲ್ಲ" ಎಂದ ಅವನು. ಅಲ್ಲಿಯ ತನಕ ಅದು ಮಾಡದೆ ಬಿಟ್ಟ ಕೆಲಸವಾಗಿತ್ತು. ಆ ಎರಡು ಶಬ್ದದಿಂದ ಬೇರೆ ಏನೋ ಆಯಿತು. ಅದಕ್ಕೆ ಏನು ಹೆಸರೆಂದು ಅವನು ಯೋಚಿಸಲು ಹೋಗಲಿಲ್ಲ.

ಈ ದಿನ ಹಜಾರದ ಬಾಗಿಲಿಗೆ ಅಡ್ಡ ಮೇಜು ಹಾಕಿ ಅವನನ್ನೇ ಕೂರಿಸಿದ್ದರು. ಸಂಖ್ಯೆ ಸಿಕ್ಕಿದವರ ಪಟ್ಟಿ ಎಡಗೈ ಬಳಿ, ಮೊಹರು ಬಲಗೈ ಬಳಿ. ಹತ್ತೂವರೆಗೆ ಕಂಬಳಿ ಹೊದ್ದ ಕುರಿ ಸಾಕುವವನೊಬ್ಬ ಬಂದ. ಹೆಸರು ಪಟ್ಟಿಯಲ್ಲಿರಲಿಲ್ಲ, ಕಟ್ಟಿನಲ್ಲಿತ್ತು. ಆಕ್ಷೇಪಣೆ ತೆಗೆದುಕೊಳ್ಳಲು ಆಗುವುದಿಲ್ಲವೆಂದು ಇವನು ಹೇಳಿದ.

"ಯಾಕಾಗಲ್ಲ? ನಾನೂ ಸಹಿ ಮಾಡಿ ಕಳಿಸಿದ್ದೀನಿ."

"ಹೌದು. ನಿಮ್ಮ ಅಭಿಪ್ರಾಯಾನ ಗಮನಿಸಿದ್ದೀವಿ."

"ಯಾರು ಗಮನಿಸಿದ್ದು?"

"ನಾನೇ."

"ಹೌದಾ? ಏನು ಗಮನಿಸಿದ್ರಿ, ಹೇಳಿ ನೋಡೋಣ."

ಹಿಂದೆ ನಿಂತ ಇಬ್ಬರು ನಕ್ಕರು. ಅವನೂ ಅವರ ಜೊತೆ ನಗುವವನಂತೆ ತುಟಿ ಎಳೆದ. ಕುರಿಯವನು ನಗಲಿಲ್ಲ. ತನ್ನ ಕಾಗದವನ್ನು ಜಾಗ್ರತೆಯಾಗಿ ಮಡಿಸಿ ಒಳಜೇಬಿಗೆ ಇಟ್ಟುಕೊಂಡು, ಮೇಜಿನ ಮೇಲಿನ ಮೊಹರನ್ನು ಒಂದು ಗಳಿಗೆ ನೋಡಿ, ಇಳಿದು ಹೋದ. ಅವನ ಮೈಯ ಕುರಿವಾಸನೆ ಮಾತ್ರ ರಬ್ಬರಿನ ವಾಸನೆಯೊಳಗೆ ಬೆರೆಯದೆ ನಿಂತಿತು. ಇಂಥವನಿಗೆ ನಿಯಮ ಹೇಳುವಾಗ ತನ್ನ ದನಿ ನಡುಗಲಿಲ್ಲವಲ್ಲ, ಅಕ್ಕನಿಗೂ ಹೀಗೇ ಹೇಳಿಬಿಡಬಹುದು, ನಿಯಮ ತಾನು ಮಾಡಿದ್ದಲ್ಲ, ಎಂದು ಅವನಿಗೆ ಧೈರ್ಯ ಬಂದಂತಾಯಿತು. ಆ ಧೈರ್ಯ ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿಯ ಸದ್ದು ಕೇಳುವ ತನಕ ಇತ್ತು. ಎಡಗಾಲು ತುಸು ಎಳೆದು ನಡೆಯುವ ಸದ್ದು. ಕಣ್ಣು ಕಟ್ಟಿದರೂ ಗುರುತಿಸಬಲ್ಲ.

ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು. ತಲೆ ಬಾಚಿ, ಎಣ್ಣೆ ಹೆಚ್ಚಾಗಿ ಹಣೆ ಹೊಳೆಯುತ್ತಿತ್ತು. ಬಟ್ಟೆಚೀಲವನ್ನು ಮೇಜಿನ ಮೇಲಿಟ್ಟು, "ನಿನ್ನ ಹೆಂಡ್ತಿಗೆ ಒಂದಿಷ್ಟು ಅವರೆಕಾಯಿ, ನಿನಗಲ್ಲ" ಎಂದಳು. ಸುತ್ತ ನೋಡಿದಳು. "ಇದೇನೋ ನಿನ್ನ ಕಚೇರಿ! ಫೋನಲ್ಲಿ ನೀನು ಹೇಳಿದ್ದು ಕೇಳಿ ಅರಮನೆ ಅಂದ್ಕೊಂಡಿದ್ದೆ." ಕನ್ನಡಕದವಳು ಎದ್ದು ಬಂದು, ಇವರೇನಾ ನಿಮ್ಮಕ್ಕ ಎಂದು ಕುರ್ಚಿ ಹಾಕಿದಳು. ಅಕ್ಕ ಕೂರಲಿಲ್ಲ. ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಕ್ಷೇಪಣೆಯನ್ನು ತೆಗೆದಳು. ಎರಡು ಪುಟ, ಗೆರೆ ಎಳೆದ ಕಾಗದ, ಮೂರು ತಾರೀಕುಗಳಿಗೆ ಕೆಂಪು ಶಾಯಿ.

"ವಾಚನಾಲಯದಲ್ಲಿ ಕೂತು ಎರಡು ಭಾನುವಾರ ನೋಡ್ದೆ ಕಣೋ ನಿಮ್ಮ ಪುಸ್ತಕಾನ. ನನ್ನ ಪತ್ರಕ್ಕೆ ಉತ್ತರ ಎಲ್ಲಿದೆ ಅಂತ. ಕೊನೆಗೆ ನನ್ನ ಹೆಸರು ಸಿಕ್ತು, ಇರುವೆ ಅಕ್ಷರದಲ್ಲಿ, ಆ ಅಚ್ಚಿನವರ ಸಾಲಲ್ಲಿ. ಏನೋ ತಪ್ಪಾಗಿದೆ ಅನ್ಕೊಂಡೆ. ಅಥವಾ ನಾನು ಬರೆದದ್ದು ಸರಿ ಇರಲಿಲ್ವೋ ಏನೋ. ಅಷ್ಟು ಓದಿದವರು ಬೇಡ ಅಂದ ಮೇಲೆ ನನ್ನ ಬರವಣಿಗೇಲೇ ಏನೋ ಕೊರತೆ ಇರಬೇಕು. ಅದಕ್ಕೇ ಈ ಸಲ ಚೆನ್ನಾಗಿ ತಿದ್ದಿ ಬರ್ದಿದ್ದೀನಿ, ನೋಡು."

ಅವನು ಪಟ್ಟಿಯನ್ನು ನೋಡಿದ. ಅಲ್ಲಿಲ್ಲವೆಂದು ಗೊತ್ತಿದ್ದ ಹೆಸರನ್ನು ಬೆರಳಿಟ್ಟು ಹುಡುಕಿದ, ಒಂದು ಪುಟ, ಎರಡು ಪುಟ. ಅಕ್ಕ ತಾಳ್ಮೆಯಿಂದ ನಿಂತಿದ್ದಳು. ಕುರಿಯವನಿಗೆ ಹೇಳಿದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ನನ್ನ ಬರವಣಿಗೇಲೇ ಕೊರತೆ ಎಂಬ ಮಾತು ಅದಕ್ಕೆ ಅಡ್ಡ ಬಂತು. ಎರಡು ಭಾನುವಾರ. ಏಳು ಸಂಪುಟ. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ. "ಬಾ ಇಲ್ಲಿ" ಎಂದು ಎದ್ದು, ಅವಳನ್ನು ಹಜಾರದ ತುದಿಯ ಕಿಟಕಿಯ ಬಳಿ ಕರೆದೊಯ್ದ.

ಕೆಳಗೆ ಟೈರ್ ಅಂಗಡಿಯವನು ಚಕ್ರದ ಅಂಚಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಮಾತಾಡಬೇಕಿತ್ತು.

"ನಿನ್ನ ಪತ್ರ ಸರಿಯಾಗಿಯೇ ಇತ್ತು."

"ನಿನಗೆ ಹೇಗೆ ಗೊತ್ತು?"

"ನಾನು ಓದಿದೆ."

"ಹಿಂದಿನ ಬದಿಯೂ?"

"ಹೂಂ. ಪೂರ್ತಿ. ನಾನೇ ಆ ಕಟ್ಟಿಗೆ ಹಾಕಿದ್ದು."

ಅಕ್ಕ ಅವನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ದನ ಮೇಯದೆ ನಿಂತಾಗ ಎಲ್ಲಿ ನೋವಿದೆ ಎಂದು ನೋಡುವಂಥ ನೋಟ. "ಯಾಕೋ?" ಎಂದಳು. ಸುತ್ತಿಗೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಕಾರಣವನ್ನು ದೊಡ್ಡದು ಮಾಡಲು ಅವನು ಆ ಗಳಿಗೆಯಲ್ಲೂ ಹುಡುಕಿದ: ಮೇಲಿನವರ ಒತ್ತಾಯ, ಕೆಲಸದ ಭಯ, ಸಂಬಂಧಿಕರ ಪತ್ರ ಮುಟ್ಟಬಾರದೆಂಬ ನಿಯಮ. ಯಾವುದನ್ನು ಹೇಳಿದ್ದರೂ ತುಸು ಗೌರವ ಉಳಿಯುತ್ತಿತ್ತು. "ಆ ದುಪ್ಪಟಿ ವಿಷಯ ಬರೆದಿದ್ದೆಯಲ್ಲ" ಎಂದ.

ಅಕ್ಕ ಮೊದಲು ನಕ್ಕಳು. "ಅಯ್ಯೋ ನಿನ್ನ! ಅದಕ್ಕಾ? ಯಾವ ಮಕ್ಕಳು ಮಾಡಲ್ವೋ ಅದನ್ನ? ನಿನಗೆ ಈಗ ಕಿವಿ ಮೇಲೆ ನರೆ ಬಂದಿದೆ..." ನಗು ಅರ್ಧಕ್ಕೆ ನಿಂತಿತು. ಕಿಟಕಿಯ ಸರಳು ಹಿಡಿದುಕೊಂಡಳು. ಅವಳ ತುಟಿ ಅಲುಗುತ್ತಿತ್ತು, ಏನನ್ನೋ ಕೂಡಿಸುವವಳ ಹಾಗೆ. "ಅದಕ್ಕೆ ಅಂತ ನಲವತ್ತಾರು ಮನೆ ಬಾವಿ..." ಎಂದು ಅಷ್ಟಕ್ಕೇ ಬಿಟ್ಟಳು. ಅವನು ಸರಳಿನ ಮೇಲಿದ್ದ ಅವಳ ಕೈಯನ್ನು ನೋಡಿದ. ಬೆರಳಿನ ಗೆಣ್ಣುಗಳು ಒಗೆತದ ಕಲ್ಲಿಗೆ ಸವೆದು ನುಣ್ಣಗಾಗಿದ್ದವು. ಬೈಯಲಿ, ಜನರೆದುರಿಗೇ ಎರಡು ಬಾರಿಸಲಿ ಎಂದು ಅವನು ಆಸೆಪಟ್ಟ. ಅವಳು ಬೈಯಲಿಲ್ಲ. "ಈಗ ಏನು ಮಾಡೋಕಾಗತ್ತೆ, ಅದನ್ನ ಹೇಳು" ಎಂದಳು. "ಐದು ಗಂಟೆ ತನಕ ಟೈಮಿದೆಯಲ್ಲ?"

ದೊಡ್ಡವರ ಕೋಣೆಗೆ ಅವನು ಕಟ್ಟನ್ನು ಎತ್ತಿಕೊಂಡೇ ಹೋದ. ಪರಿಶೀಲನೆಯ ಮುಖ್ಯಸ್ಥರಾದ ಅವರು ಕೆಟ್ಟವರಲ್ಲ. ಎರಡೂವರೆ ವರ್ಷದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. ಸುಸ್ತಾದಾಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ ಕೂರುವವರು. ದಾರ ಬಿಚ್ಚಿ, ಪತ್ರ ಹುಡುಕಿ, ಹಿಂಬದಿ ಮೇಲೆ ಮಾಡಿ ಎದುರಿಗಿಟ್ಟ. ಅವರು ಓದಿದರು. ಓದುತ್ತ ಓದುತ್ತ ಮುಂದಕ್ಕೆ ಬಾಗಿದರು. ದುಪ್ಪಟಿಯ ಸಾಲು ಬಂದಾಗ ಅವರ ಹುಬ್ಬು ಏರುತ್ತದೆಯೇ ಎಂದು ಅವನು ಕಾದ. ಹುಬ್ಬು ಏರಲಿಲ್ಲ. ಅವರ ಕಣ್ಣು ಆ ಸಾಲನ್ನು ದಾಟಿ ಹೋದದ್ದು ಬೇರೆ ಸಾಲನ್ನು ದಾಟಿದಷ್ಟೇ ಹೊತ್ತಿಗೆ. ನಿಂತದ್ದು ತಾರೀಕುಗಳ ಮೇಲೆ. ಐದು ತಿಂಗಳು ಅವನು ಹೊತ್ತು ತಿರುಗಿದ್ದು ಇಷ್ಟೇ ಹಗುರದ್ದೇ?

"ಇದು ಆ ಕಟ್ಟಿಗೆ ಹೇಗೆ ಬಂತು?"

"ಸರ್, ನಾನು ಇದನ್ನ ಓದಿ..."

ಅವರು ಕೈಯೆತ್ತಿದರು. "ತಡೀರಿ. ಅಲ್ಲಿಗೇ ನಿಲ್ಸಿ. ವಿಂಗಡಣೆಯಲ್ಲಿ ಕಣ್ತಪ್ಪಾಗಿದ್ರೆ ತಿದ್ದೋಕೆ ನಿಯಮದಲ್ಲಿ ದಾರಿ ಇದೆ. ಹಿಂಬದಿ ನೋಡಲಿಲ್ಲ ಅಂತ ನೀವೊಂದು ಹೇಳಿಕೆ ಬರ್ದು, ಕಳಿಸಿದವರು ಹೌದು ಅಂತ ಸಹಿ ಮಾಡಿದ್ರೆ ಇವತ್ತೇ ಸಂಖ್ಯೆ ಕೊಡ್ತೀನಿ. ಆಕ್ಷೇಪಣೇನೂ ತಗೋತೀನಿ. ಓದಿ ಹಾಕಿದ್ದು ಅಂದ್ರೆ, ಅದು ಬೇರೇನೇ. ನಿಮ್ಮ ಕೆಲಸ ಹೋಗತ್ತೆ, ಹೋಗ್ಲಿ. ನಾಲ್ಕು ಸಾವಿರ ಪತ್ರಾನೂ ಮತ್ತೆ ತೆಗೀಬೇಕು. ಗಣಿಯವರ ವಕೀಲರು ಮೊದಲು ಹಿಡಿಯೋದು ಈ ಪತ್ರಾನೇ. ಅಕ್ಕ ತಮ್ಮ ಸೇರಿ ಕೊನೇ ದಿನ ಹೂಡಿದ ಆಟ ಅಂತಾರೆ. ಆಮೇಲೆ ಆ ಬಾವಿ ಕಥೆ ಯಾರು ಕೇಳ್ತಾರೆ?" ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕವಿಲ್ಲದ ಅವರ ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ಇದು ಅಕ್ಕನಿಗಾಗಿ, ಬಾವಿಗಾಗಿ ಎಂದು ಅವನೊಳಗೆ ಒಂದು ದನಿ ಆಗಲೇ ಹೇಳತೊಡಗಿತ್ತು. ಅದು ಸುಳ್ಳೂ ಅಲ್ಲ, ಅದೇ ಅದರ ಅನುಕೂಲ. ಕೆಲಸ ಉಳಿಯುತ್ತದೆ ಎಂಬ ಇನ್ನೊಂದು ದನಿ ಅದರ ಬೆನ್ನಿಗೆ ಅಂಟಿಕೊಂಡು, ತಲೆ ತಗ್ಗಿಸಿ, ಕಾಣದ ಹಾಗೆ ಒಳಗೆ ಬಂತು.

ಅಕ್ಕನನ್ನು ಕರೆಸಿದರು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದಾಗ, ಹಾಗೇ ಬನ್ನಿ ಅಮ್ಮಾ ಎಂದು ದೊಡ್ಡವರೇ ಎದ್ದು ನಿಂತರು. "ನಿಮ್ಮ ಪತ್ರ ಸಿಕ್ತು. ಬಹಳ ಮುಖ್ಯವಾದ ಪತ್ರ. ಒಂದು ಕಣ್ತಪ್ಪಾಗಿದೆ. ಸಾವಿರಾರು ಅಚ್ಚಿನ ಕಾಗದ ನೋಡಿ ನೋಡಿ ಇವರು ನಿಮ್ಮದರ ಹಿಂಬದಿ ನೋಡಲಿಲ್ಲ. ಅಷ್ಟೇ ಆಗಿರೋದು. ಅಲ್ವಾ?"

ಆ ಅಲ್ವಾ ಯಾರಿಗೆ ಕೇಳಿದ್ದೆಂದು ಸ್ಪಷ್ಟವಿರಲಿಲ್ಲ. ಅಕ್ಕ ಅವನ ಕಡೆ ತಿರುಗಿದಳು. ಅವನು ಹೇಳಬೇಕಿತ್ತು. ಹೇಳಲು ಬೇಕಾದಷ್ಟು ಹೊತ್ತಿತ್ತು. ಆಮೇಲೆ ಅವನು ಎಷ್ಟು ಸಲ ನೆನೆದರೂ ಆ ಹೊತ್ತು ಕಿರಿದಾಗಲಿಲ್ಲ. ಮೇಜಿನ ಗಾಜಿನಡಿ ಯಾರದೋ ಮಗುವಿನ ಫೋಟೋ ಇತ್ತು, ಅದರ ಒಂದು ಮೂಲೆ ತೇವಕ್ಕೆ ಗಾಜಿಗೆ ಅಂಟಿತ್ತು. ಅವನು ಆ ಮೂಲೆಯನ್ನು ನೋಡುತ್ತ ನಿಂತ.

"ಹೌದು" ಎಂದಳು ಅಕ್ಕ. "ನೋಡಿರಲಿಲ್ಲ ಅವನು."

ಹೇಳಿಕೆಯನ್ನು ಕನ್ನಡಕದವಳು ಟೈಪು ಮಾಡಿಕೊಟ್ಟಳು, ನಾಲ್ಕು ಸಾಲು. ಅವನು ಸಹಿ ಹಾಕಿದ. ಅಕ್ಕ ಮೇಜಿನ ಮೂಲೆಯಲ್ಲಿ ನಿಂತೇ ಓದಿದಳು, ಪ್ರತಿ ಶಬ್ದಕ್ಕೂ ಬೆರಳಿಟ್ಟು, ತಪ್ಪು ಹುಡುಕುವವಳ ಹಾಗೆ. ಮೇಲಿನ ಸಂಗತಿ ನನಗೆ ತಿಳಿದಂತೆ ನಿಜ ಎಂಬ ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದಳು. ಆಮೇಲೆ ಬರೆದಳು. ಅವಳ ಹೆಸರಿನ ಅಕ್ಷರಗಳು ಯಾವತ್ತಿನಷ್ಟು ದುಂಡಗಿರಲಿಲ್ಲ. ಪತ್ರಕ್ಕೆ ಸಂಖ್ಯೆ ಬಂತು. ಆಕ್ಷೇಪಣೆಗೆ ಮೊಹರು ಬಿತ್ತು. ಮೊಹರು ಹಾಕುವ ಕೆಲಸ ಅವನದೇ ಆದ್ದರಿಂದ ಅದನ್ನೂ ಅವನೇ ಹಾಕಿದ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಮನೆಯಲ್ಲಿ ಹೆಂಡತಿ ಈಗ ತಟ್ಟೆ ಇಡುತ್ತಿರಬಹುದು. ಅಕ್ಕ ಅಲ್ಲಿ ಕೂತು ಉಣ್ಣುವಾಗ ತಾನು ಯಾವ ಕಡೆ ಮುಖ ಮಾಡಿ ಉಣ್ಣಲಿ?

ನೀರಿನ ಮೇಡಂ ಓಡಿಯೇ ಬಂದರು. ಬೂಟಿನ ಮಣ್ಣು ಹಜಾರದುದ್ದಕ್ಕೂ ಉದುರಿತು. ಪತ್ರವನ್ನು ಅವರು ನಿಂತಲ್ಲೇ ಓದಿ, ಇನ್ನೊಮ್ಮೆ ಓದಿ, "ಅಮ್ಮಾ, ನೀವು ಎಲ್ಲಿದ್ರಿ ಇಷ್ಟು ದಿನ?" ಎಂದರು. ಅದು ಬೈಗುಳದಂತೆ ಕೇಳಿತು, ಅಪ್ಪಿಕೊಂಡಂತೆಯೂ. ಕುರ್ಚಿ ಎಳೆದು ಅಕ್ಕನನ್ನು ಕೂರಿಸಿ, ತಾವು ಎದುರಿಗೆ ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಕೂತರು. ಅವನು ಅವರೆಕಾಯಿಯ ಚೀಲ ಹಿಡಿದುಕೊಂಡು ಬಾಗಿಲ ಪಕ್ಕ ನಿಂತಿದ್ದ. ಹೋಗೆಂದು ಯಾರೂ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ.

"ಇದನ್ನ ಹಿಡ್ಕೊಂಡು ನಾನು ಮೇಲಿನವರ ಮುಂದೆ ನಿಲ್ಲಬೇಕು. ಗಣಿಯವರು ಒಂದೊಂದು ಮಾತನ್ನೂ ಕೆದಕ್ತಾರೆ" ಎಂದರು ಮೇಡಂ. "ಅದಕ್ಕೇ ಮೊದಲು ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಎಲ್ಲರನ್ನೂ ಕೇಳಲೇಬೇಕು. ನೀವು ಹೇಳೋದೆಲ್ಲ ನಿಜ ತಾನೇ? ಕಂಡದ್ದು, ಕಂಡ ಹಾಗೆ?"

ಅಕ್ಕನ ಬಾಯಿ ತೆರೆಯಿತು. ಇಂಥ ಪ್ರಶ್ನೆ ಕೇಳಿದವರನ್ನು ಬಾಗಿಲಾಚೆಗೆ ಕಳಿಸುತ್ತಿದ್ದವಳು ಅವಳು. ಈಗ ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಸೀರೆಯ ಸೆರಗನ್ನು ಮಡಿಲಲ್ಲಿ ಒಂದು ಮಡಿಕೆ ಮಡಿಸಿ, ಅದರ ಮೇಲೆ ಇನ್ನೊಂದು ಮಡಿಕೆ ಮಡಿಸಿದಳು. ಮೇಡಂ ಪೆನ್ನು ಹಿಡಿದು ಕಾದರು. ತಾವು ಏನಾದರೂ ನೋಯಿಸಿದೆವೇ ಎಂಬಂತೆ ಅವನ ಕಡೆ ಒಮ್ಮೆ ನೋಡಿದರು. ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಬಾವಿ ವಿಷಯದಲ್ಲಿ" ಎಂದಳು ಅಕ್ಕ ಕೊನೆಗೆ, ಮೆಲ್ಲಗೆ. "ಬಾವಿ ವಿಷಯದಲ್ಲಿ ನಾನು ಹೇಳೋದೆಲ್ಲ ನಿಜ."